ಮಾತು ಹತ್ತಿರ, ಕಿವಿ ದೂರ

ಹುಬ್ಬಳ್ಳಿಗೂ ಕಲಘಟಗಿಗೂ ನಡುವೆ ಇರುವ ಮಿಶ್ರಿಕೋಟಿಯಂಥ ಊರಿನಲ್ಲಿ ಬೆಳಗಿನ ಹೊತ್ತು ಯಾವುದಾದರೊಂದು ಕಿರಾಣಿ ಅಂಗಡಿಯ ಮುಂದೆ ಅರ್ಧ ತಾಸು ಸುಮ್ಮನೆ ನಿಂತು ಕಿವಿಗೊಡಬೇಕು. ಮಂಡ್ಯದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ನೌಕರನೊಬ್ಬ, ‘ಕಡ್ಲೆಕಾಯಿ ಇದ್ಯಾ?’ ಎಂದು ಕೇಳುತ್ತಾನೆ. ಅಂಗಡಿಯವನು ಕಡಲೆಯ ಚೀಲದ ಕಡೆ ಕೈ ತೋರಿಸುತ್ತಾನೆ.

‘ಅದಲ್ಲಪ್ಪಾ, ಮಣ್ಣೊಳಗೆ ಬೆಳೆಯುತ್ತಲ್ಲ, ಅದು.’

‘ಹಂಗಂದ್ರ ಶೇಂಗಾ ಅನ್ರಲಾ ಸಾಹೇಬ್ರ! ಪುಟಾಣಿನೂ ಬೇಕೇನ್ರಿ?’

‘ಪುಟಾಣಿಗಳು ಊರಲ್ಲೇ ಇದಾವೆ, ಅವರಮ್ಮನ ಜೊತೆ.’

ಸುತ್ತ ನಿಂತವರೆಲ್ಲ ನಗುತ್ತಾರೆ. ಧಾರವಾಡದ ಕಡೆ ಪುಟಾಣಿ ಎಂದರೆ ಹುರಿಗಡಲೆ; ಮಂಡ್ಯ-ಮೈಸೂರಿನ ಕಡೆ ಪುಟಾಣಿ ಎಂದರೆ ಚಿಕ್ಕ ಮಗು. ಇಬ್ಬರೂ ಆಡಿದ್ದು ಕನ್ನಡ, ಇಬ್ಬರೂ ಓದುವುದು ಒಂದೇ ಪತ್ರಿಕೆ. ಆದರೂ ಒಂದು ಪಾವು ಶೇಂಗಾ ಕೊಳ್ಳುವುದಕ್ಕೆ ಇಷ್ಟು ಮಾತು ಬೇಕಾಯಿತು. ಅದೇ ಹೊತ್ತಿಗೆ ತಾಂಡಾದಿಂದ ಬಂದ ಲಂಬಾಣಿ ಹೆಂಗಸು, ಮನೆಯಲ್ಲಿ ಉರ್ದು ಆಡುವ ತರಕಾರಿ ವ್ಯಾಪಾರಿ, ಮರಾಠಿ ಮನೆಮಾತಿನ ಗೌಳಿ ಇವರೆಲ್ಲ ಎಣ್ಣೆ, ಬೆಲ್ಲ, ಉಪ್ಪು ಕೊಂಡು ತಮ್ಮ ದಾರಿ ಹಿಡಿದಿರುತ್ತಾರೆ. ಅವರ ವ್ಯವಹಾರದಲ್ಲಿ ಒಂದು ಮಾತೂ ತೊಡಕಾಗುವುದಿಲ್ಲ.

ಇಂಥ ದೃಶ್ಯ ಕಲಘಟಗಿ ತಾಲೂಕಿನಲ್ಲಿ ಅಪರೂಪವೇನಲ್ಲ. ಊರಿನ ಹೆಸರಿನಲ್ಲೇ ಕಿವಿಗೆ ‘ಮಿಶ್ರ’ ಎಂದು ಕೇಳುವ ಸದ್ದಿದೆ; ಮಾತಿನ ಮಟ್ಟಿಗಂತೂ ಅದು ಸುಳ್ಳಲ್ಲ. ಹಾಗಾದರೆ ಒಂದು ಮಾತು ಇನ್ನೊಂದಕ್ಕೆ ‘ಹತ್ತಿರ’ ಎಂದರೆ ಏನು? ಹತ್ತಿರದ ಮಾತೆಲ್ಲ ತಿಳಿಯುತ್ತದೆಯೇ? ತಿಳಿಯುವ ಮಾತೆಲ್ಲ ಹತ್ತಿರದ್ದೇ? ಮೇಲುನೋಟಕ್ಕೆ ಇವು ವಿದ್ವಾಂಸರ ಪ್ರಶ್ನೆಗಳೆಂದು ತೋರುತ್ತವೆ. ಆದರೆ ಒಂದನೆಯ ಇಯತ್ತೆಗೆ ಬಂದು ಕೂತ ಆರು ವರ್ಷದ ಹುಡುಗಿಯೊಬ್ಬಳ ಭವಿಷ್ಯ ಈ ಪ್ರಶ್ನೆಗಳಿಗೆ ತಗುಲಿಕೊಂಡಿದೆ. ಆಕೆಯ ಕಡೆಗೆ ಆಮೇಲೆ ಬರೋಣ.

ರಕ್ತಸಂಬಂಧವೋ, ನೆರೆಹೊರೆಯೋ?

ಮನುಷ್ಯರಲ್ಲಿ ಹೇಗೋ ಹಾಗೆ ಭಾಷೆಗಳಲ್ಲಿಯೂ ಹೋಲಿಕೆ ಎರಡು ಕಾರಣದಿಂದ ಬರುತ್ತದೆ. ಒಂದು, ರಕ್ತಸಂಬಂಧ. ಅಣ್ಣತಮ್ಮಂದಿರ ಮೂಗು ಒಂದೇ ಬಗೆಯಾಗಿರುವುದು ಇದರಿಂದ. ಇನ್ನೊಂದು, ಸಹವಾಸ. ಬಹುಕಾಲ ಒಂದೇ ಓಣಿಯಲ್ಲಿ ಬಾಳಿದವರ ಊಟ, ಉಡುಗೆ, ನಡಿಗೆ ಒಂದೇ ಬಗೆಯಾಗುವುದು ಇದರಿಂದ.

ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು ಇವೆಲ್ಲ ಒಂದು ಮನೆತನದವು ಎಂದು 1816ರಲ್ಲಿ ಮದ್ರಾಸಿನಲ್ಲಿ ಅಧಿಕಾರಿಯಾಗಿದ್ದ ಫ್ರಾನ್ಸಿಸ್ ಎಲ್ಲಿಸ್ ತೋರಿಸಿಕೊಟ್ಟ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಈ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದು ‘ದ್ರಾವಿಡ’ ಎಂಬ ಹೆಸರನ್ನು ನೆಲೆಗೊಳಿಸಿದ. 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ಕನ್ನಡ ನಿಘಂಟನ್ನು ತೆರೆದರೆ ಎಷ್ಟೋ ಪದಗಳ ಪಕ್ಕದಲ್ಲಿ ಅವುಗಳ ತಮಿಳು, ತೆಲುಗು, ತುಳು ರೂಪಗಳೂ ಸಿಗುತ್ತವೆ. ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು 1961ರಲ್ಲಿ ಹೊರತಂದು, 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಪದಮೂಲ ಕೋಶದಲ್ಲಿ ಹೀಗೆ ಒಂದೇ ಬೇರಿನಿಂದ ಒಡೆದ ಪದಗುಂಪುಗಳು 5,500ಕ್ಕೂ ಹೆಚ್ಚಿವೆ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. ಕನ್ನಡದ ಹತ್ತು ಮನೆಪದಗಳನ್ನು ತೆಗೆದುಕೊಳ್ಳಿ: ಕಣ್ಣು, ಕಿವಿ, ಬಾಯಿ, ಹಲ್ಲು, ಕೈ, ಹಾಲು, ನೀರು, ಹುಲಿ, ಮರ, ಬಾ. ತಮಿಳಿನಲ್ಲಿ ಇವು ಕಣ್, ಚೆವಿ, ವಾಯ್, ಪಲ್, ಕೈ, ಪಾಲ್, ನೀರ್, ಪುಲಿ, ಮರಂ, ವಾ. ಹತ್ತಕ್ಕೆ ಹತ್ತೂ ಒಂದೇ ಬೇರಿನವು! ತುಳುವಿನಲ್ಲಿ ಕಣ್ಣ್, ಕೆಬಿ, ಬಾಯಿ, ಕೈ, ನೀರ್, ಪಿಲಿ, ಮರ ಎಂದು ಬಹುಪಾಲು ಹೊಂದುತ್ತವೆ. ಹಲ್ಲಿಗೆ ಕೂಲಿ ಎನ್ನುತ್ತಾರೆ. ತೆಲುಗಿನಲ್ಲಿ ಕನ್ನು, ಚೆವಿ, ಪಾಲು, ನೀರು, ಪುಲಿ ಹೊಂದುತ್ತವೆ. ಬಾಯಿಗೆ ನೋರು, ಮರಕ್ಕೆ ಚೆಟ್ಟು ಎಂದು ದಾರಿ ಬೇರೆಯಾಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಕನ್ನಡ ಮತ್ತು ತೆಲುಗು ಲಿಪಿಗಳು ಅವಳಿ ಮಕ್ಕಳಂತಿವೆ. ಕನ್ನಡ ಓದಬಲ್ಲವನು ತೆಲುಗು ಬೋರ್ಡುಗಳನ್ನು ತಡವರಿಸುತ್ತಾದರೂ ಓದಿಬಿಡುತ್ತಾನೆ. ತಮಿಳು ಲಿಪಿಯಾದರೋ ಅವನಿಗೆ ಕೋಲಂ ಬಿಡಿಸಿದಂತೆ ಕಾಣುತ್ತದೆ. ಆದರೆ ಭಾಷಾವಿಜ್ಞಾನಿಗಳು ಹಾಕಿದ ವಂಶವೃಕ್ಷದಲ್ಲಿ ಕನ್ನಡ ಮತ್ತು ತಮಿಳು ಒಂದೇ ಕೊಂಬೆಯಲ್ಲಿವೆ. ತೆಲುಗು ಗೋಂಡಿಯ ಜೊತೆಗೆ ಬೇರೆ ಕೊಂಬೆಯಲ್ಲಿದೆ. ಅಂಗಿ ಒಂದೇ ಆದ ಮಾತ್ರಕ್ಕೆ ಅಣ್ಣತಮ್ಮಂದಿರಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎರಡು ಕೀಲಿಕೈಗಳು

ಹತ್ತಕ್ಕೆ ಹತ್ತು ಅಂಕ ಬಂದ ಮೇಲೆ ಮಿಶ್ರಿಕೋಟಿಯ ರೈತ ಚೆನ್ನೈಗೆ ಹೋಗಿ ಇಳಿದರೆ ಅಲ್ಲಿಯ ಮಾತು ಸಲೀಸಾಗಿ ತಿಳಿಯಬೇಕಲ್ಲ? ತಿಳಿಯುವುದಿಲ್ಲ. ಕಾರಣಗಳು ಹಲವು.

ಮೊದಲನೆಯದು, ಸದ್ದಿನ ಬದಲಾವಣೆ. ಹಳಗನ್ನಡದಲ್ಲಿಯೂ ಹಾಲಿಗೆ ಪಾಲ್, ಹುಲಿಗೆ ಪುಲಿ, ಹಲ್ಲಿಗೆ ಪಲ್ ಎಂದೇ ಇತ್ತು. ಕಾಲಕ್ರಮದಲ್ಲಿ ಪದದ ಮೊದಲಿನ ‘ಪ’ಕಾರ ಸವೆದು ‘ಹ’ಕಾರವಾಯಿತು. ತಮಿಳು, ತೆಲುಗು, ತುಳುಗಳಲ್ಲಿ ಹೀಗಾಗಲಿಲ್ಲ. ಹಾಗೆಯೇ ತಮಿಳಿನಲ್ಲಿ ‘ವ’ ಇದ್ದ ಕಡೆ ಕನ್ನಡದಲ್ಲಿ ‘ಬ’ ಬರುತ್ತದೆ: ವಾ-ಬಾ, ವಾಯ್-ಬಾಯಿ, ವೇರ್-ಬೇರು, ವಿಲ್-ಬಿಲ್ಲು. ತಮಿಳು ಮತ್ತು ತೆಲುಗುಗಳಲ್ಲಿ ಇ, ಎ ಸ್ವರಗಳ ಮುಂದಿನ ‘ಕ’ಕಾರ ‘ಚ’ ಆಯಿತು. ಕನ್ನಡ ಹಳೆಯ ‘ಕ’ವನ್ನೇ ಉಳಿಸಿಕೊಂಡಿತು. ಆದ್ದರಿಂದ ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೇರಿ ತಮಿಳರಿಗೆ ಚೇರಿ.

ಇವು ಮನಬಂದಂತೆ ಆದ ಬದಲಾವಣೆಗಳಲ್ಲ. ಕಾಯಿಸಿದ ಕಬ್ಬಿಣ ಹಿಗ್ಗುವಂತೆ ಇವಕ್ಕೂ ಒಂದು ನಿಯಮವಿದೆ. ‘ಪ’ಕ್ಕೆ ‘ಹ’, ‘ವ’ಕ್ಕೆ ‘ಬ’ ಎಂಬ ಎರಡೇ ಕೀಲಿಕೈಗಳನ್ನು ಹಿಡಿದುಕೊಂಡರೂ ಎಷ್ಟೋ ತಮಿಳು ಪದಗಳ ಬಾಗಿಲು ತೆರೆಯುತ್ತದೆ. ಪತ್ತು ಎಂದರೆ ಹತ್ತು, ಪೂ ಎಂದರೆ ಹೂ, ಪೆಣ್ ಎಂದರೆ ಹೆಣ್ಣು. ಆದರೆ ಇದು ಕಾಗದದ ಮೇಲಿನ ಮಾತು. ಎದುರಿಗಿದ್ದವನು ಸರಸರನೆ ಮಾತಾಡುವಾಗ ಕಿವಿಗೆ ಕೀಲಿಕೈ ತಿರುಗಿಸುವಷ್ಟು ಪುರುಸೊತ್ತು ಇರುವುದಿಲ್ಲ.

ಎರಡನೆಯದು, ಬಳಕೆಯ ಬದಲಾವಣೆ. ತಮಿಳಿನಲ್ಲಿ ನೀರ್ ಎಂಬ ಪದವಿದ್ದರೂ ದಿನದ ಮಾತಿನಲ್ಲಿ ಕೇಳುವುದು ತಣ್ಣಿ. ಚೆವಿ ಇದ್ದರೂ ಆಡುವುದು ಕಾದು. ಅಂದರೆ ಒಂದೇ ಬೇರಿನ ಪದ ನಿಘಂಟಿನಲ್ಲಿ ಇದ್ದರೆ ಸಾಲದು, ಬಾಯಲ್ಲಿಯೂ ಇರಬೇಕು. ಮೂರನೆಯದು, ಕ್ರಿಯಾಪದದ ಬಾಲ. ನಮ್ಮ ‘ಬರತೇನಿ’ ಅವರಲ್ಲಿ ‘ವರೇನ್’. ಯಾರು, ಯಾವಾಗ ಎಂಬುದನ್ನು ಹೇಳುವುದು ಈ ಬಾಲವೇ. ಅದು ತಪ್ಪಿದರೆ ವಾಕ್ಯದ ಅರ್ಥವೇ ತಪ್ಪುತ್ತದೆ.

ಪದಗಳ ಹೋಲಿಕೆ ಬೇರೆ, ಮಾತು ತಿಳಿಯುವುದು ಬೇರೆ. ಮೊದಲನೆಯದನ್ನು ಪಟ್ಟಿ ಮಾಡಿ ಎಣಿಸಬಹುದು. ಎರಡನೆಯದನ್ನು ಅಳೆಯಲು ಜೀವಂತ ಮನುಷ್ಯನ ಕಿವಿಯೇ ಬೇಕು.

ಭಾಷಣ ತಿಳಿಯುತ್ತದೆ, ಜಗಳ ತಿಳಿಯುವುದಿಲ್ಲ

ಇದಕ್ಕೆ ತಿರುವುಮುರುವಾದ ಇನ್ನೊಂದು ಭ್ರಮೆಯೂ ಉಂಟು. ಹೈದರಾಬಾದಿನ ತೆಲುಗು ವಾರ್ತೆಯನ್ನೋ, ಪುಣೆಯ ಮರಾಠಿ ಭಾಷಣವನ್ನೋ ಕೇಳಿದಾಗ ‘ಅಂದಾಜು ತಿಳೀತಪಾ’ ಅನ್ನಿಸುತ್ತದೆ. ಪ್ರಧಾನಮಂತ್ರಿ, ರಾಜ್ಯ, ಪರಿಸ್ಥಿತಿ, ಕಾರ್ಯಕ್ರಮ, ಉದ್ಘಾಟನ ಎಂಬ ಸಂಸ್ಕೃತ ಪದಗಳು ಎಲ್ಲ ಭಾಷೆಗಳಲ್ಲಿಯೂ ನೆಂಟರಂತೆ ಬಂದು ಕೂತಿರುವುದೇ ಇದರ ಗುಟ್ಟು. ವೇದಿಕೆಯಿಂದ ಇಳಿದು ಅದೇ ಊರಿನ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಕೊಡಕ್ಕಾಗಿ ಜಗಳಾಡುವುದನ್ನು ಕೇಳಿದರೆ ಒಂದು ಪದವೂ ಹತ್ತುವುದಿಲ್ಲ.

ಹೀಗೆ ಬಂದ ನೆಂಟರಲ್ಲಿ ಮೋಸಗಾರರೂ ಇದ್ದಾರೆ. ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಕನ್ನಡದ ಉಪನ್ಯಾಸ ಕಾಲೇಜಿನಲ್ಲಿ ನಡೆಯುತ್ತದೆ. ಹಿಂದಿಯ ಉಪನ್ಯಾಸ ಪುಸ್ತಕದಂಗಡಿಯಲ್ಲಿ ಕಾದಂಬರಿಯಾಗಿ ಸಿಗುತ್ತದೆ. ಕನ್ನಡಿಗನ ಸಂಸಾರ ಹೆಂಡತಿ-ಮಕ್ಕಳಿಗೆ ಮುಗಿದರೆ ಹಿಂದಿಯವರ ಸಂಸಾರ ಇಡೀ ಜಗತ್ತು. ಕನ್ನಡದಲ್ಲಿ ಅನುಮಾನ ಪಟ್ಟರೆ ಜಗಳವಾಗುತ್ತದೆ. ಹಿಂದಿಯಲ್ಲಿ ಅನುಮಾನ ಮಾಡಿದರೆ ಖರ್ಚಿನ ಅಂದಾಜು ಸಿಗುತ್ತದೆ. ಪೂರ್ತಿ ತಿಳಿಯದಿದ್ದವನು ಇನ್ನೊಮ್ಮೆ ಕೇಳುತ್ತಾನೆ, ತಿಳಿಯಿತೆಂದುಕೊಂಡವನು ಕೇಳುವುದಿಲ್ಲ. ಅಪಾಯ ಇರುವುದು ಎರಡನೆಯವನಿಗೇ.

ಕುಪವಾಡದ ಪಾಠ

ಸಹವಾಸದಿಂದ ಬರುವ ಹೋಲಿಕೆಗೆ ಜಗತ್ತಿನ ಭಾಷಾವಿಜ್ಞಾನದ ಪುಸ್ತಕಗಳಲ್ಲೆಲ್ಲ ಹೆಸರಾದ ಊರು ನಮ್ಮ ಗಡಿಯಾಚೆಗೇ ಇದೆ. ಅದು ಮಹಾರಾಷ್ಟ್ರದ ಸಾಂಗಲಿಯ ಬಳಿಯ ಕುಪವಾಡ. ಈಗ ಅದು ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಗೆ ಸೇರಿಹೋಗಿದೆ. ಅದಿನ್ನೂ ಹಳ್ಳಿಯಾಗಿದ್ದಾಗ ಅಲ್ಲಿಯ ಮಾತನ್ನು ಅಭ್ಯಾಸ ಮಾಡಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆ ಊರಿನಲ್ಲಿ ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಭೂಮಿಯಿಲ್ಲದ ಕೂಲಿಕಾರರದು ಮರಾಠಿ. ಹಗ್ಗ ಹೊಸೆಯುವ ಕೆಲವು ಮನೆಗಳಲ್ಲಿ ತೆಲುಗು. ಶತಮಾನಗಳಿಂದ ಒಂದೇ ಹೊಲ, ಒಂದೇ ಸಂತೆ. ಊರ ಗಂಡಸರು ಹೆಚ್ಚಿನವರು ಎರಡು-ಮೂರು ಭಾಷೆ ಬಲ್ಲವರು.

ಅವರು ಕಂಡದ್ದು ಆಶ್ಚರ್ಯದ ಸಂಗತಿ. ಪದಗಳು ಬೇರೆ ಬೇರೆಯಾಗಿಯೇ ಇದ್ದವು. ಆದರೆ ವಾಕ್ಯದ ಚೌಕಟ್ಟು ಹೆಚ್ಚುಕಡಿಮೆ ಒಂದೇ ಆಗಿತ್ತು. ಒಂದು ಭಾಷೆಯ ಪದ ತೆಗೆದು ಇನ್ನೊಂದರ ಪದ ಇಟ್ಟರೆ ಸಾಕು, ಅನುವಾದ ಮುಗಿಯಿತು. ಮರಾಠಿ-ಉರ್ದುಗಳಲ್ಲಿ ನಿರ್ಜೀವ ವಸ್ತುಗಳಿಗೂ ಇರುವ ಗಂಡು-ಹೆಣ್ಣಿನ ಭೇದ ಅಲ್ಲಿ ಸಡಿಲಗೊಂಡು ಕನ್ನಡದ ದಾರಿ ಹಿಡಿದಿತ್ತು.

ಈ ಚೌಕಟ್ಟಿನ ರುಚಿ ನೋಡಲು ಕುಪವಾಡದವರೆಗೆ ಹೋಗಬೇಕಾಗಿಲ್ಲ. ಧಾರವಾಡದ ಕಡೆ ‘ನೀರ ಕುಡದು ಬರತೇನಿ’ ಎನ್ನುತ್ತಾರೆ. ಮರಾಠಿಯಲ್ಲಿ ಅದು ‘ಪಾಣೀ ಪಿಊನ ಯೇತೋ’. ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ‘ಪಾನಿ ಪೀಕೆ ಆತೂಂ’. ಮೂರರಲ್ಲಿಯೂ ಮೊದಲು ನೀರು, ಆಮೇಲೆ ಕುಡಿದು, ಕೊನೆಗೆ ಬರುವುದು. ಇನ್ನೊಂದು ಉದಾಹರಣೆ: ‘ಬರತೇನಿ ಅಂತ ಹೇಳ್ದಾ’. ದಖನಿಯಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’. ನಮ್ಮ ‘ಅಂತ’ ಅಲ್ಲಿ ‘ಬೋಲ್ಕೆ’ ಆಗಿ ಕೂತಿದೆ. ದಿಲ್ಲಿ-ಲಖನೌಗಳ ಉರ್ದುವಿನಲ್ಲಿ ಇದೇ ಮಾತು ತಿರುಗಿ ನಿಲ್ಲುತ್ತದೆ: ‘ಉಸ್‌ನೇ ಕಹಾ ಕೆ ಮೈಂ ಆತಾ ಹೂಂ’. ಮೊದಲು ‘ಹೇಳಿದ’, ಆಮೇಲೆ ಹೇಳಿದ್ದು. ಹುಬ್ಬಳ್ಳಿಯ ದಖನಿ ಹುಟ್ಟಿನಿಂದ ದಿಲ್ಲಿಯ ಕಡೆಯ ಹುಡುಗಿ, ಬಾಳುವೆಯಿಂದ ಕನ್ನಡದ ಮನೆಯ ಸೊಸೆ. ಲಖನೌದವರು ನಗುವ ಅವಳ ‘ಬೋಲ್ಕೆ’ ಕನ್ನಡದ ಮನೆಯಲ್ಲಿ ಕಲಿತ ನಡವಳಿಕೆ.

ಕೊಡುಕೊಳ್ಳುವುದು ಎರಡೂ ಕಡೆ ನಡೆದಿದೆ. ನಾವು ಶೇಂಗಾ, ಬಟಾಟಿಗಳನ್ನು ಆ ಕಡೆಯಿಂದ ತಂದುಕೊಂಡರೆ ನಮ್ಮ ತುಪ್ಪ ಮರಾಠಿಗರ ಮನೆಯಲ್ಲಿ ತೂಪ ಆಗಿದೆ, ಅಡಕೊತ್ತು ಅಡಕಿತ್ತಾ ಆಗಿದೆ, ಅಣ್ಣ-ಅಕ್ಕ ಅಲ್ಲಿಯೂ ಅಣ್ಣಾ-ಅಕ್ಕಾ ಆಗಿ ಉಳಿದಿದ್ದಾರೆ.

ಹಾಗಾದರೆ ಕುಪವಾಡದಲ್ಲಿ ಭಾಷೆಗಳು ಪೂರ್ತಿ ಬೆರೆತು ಒಂದೇ ಏಕೆ ಆಗಲಿಲ್ಲ? ಮನೆಯ ಹೊರಗೆ ಎಲ್ಲರೂ ಒಂದಾಗಿ ದುಡಿದರೂ ಮನೆಯ ಒಳಗೆ ‘ನಾವು ಇಂಥವರು’ ಎಂಬುದಕ್ಕೆ ಮಾತೇ ಗುರುತಾಗಿತ್ತು ಎಂಬುದು ಆ ವಿದ್ವಾಂಸರ ವಿವರಣೆ. ಚೌಕಟ್ಟು ಒಂದಾದರೂ ಪದಗಳನ್ನು ಜನ ಬಿಟ್ಟುಕೊಡಲಿಲ್ಲ.

ಕಾಮನಬಿಲ್ಲಿನ ಗೆರೆ ಎಲ್ಲಿ?

ಒಂದು ಭಾಷೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಸುರುವಾಗುತ್ತದೆ? ಕಾಮನಬಿಲ್ಲಿನಲ್ಲಿ ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಸುರುವಾಗುತ್ತದೆ ಎಂದು ಕೇಳಿದಂತೆಯೇ ಇದು. ನಡುವಿನ ಹಳದಿ ಹಳದಿಯೇ, ನಡುವಿನ ಹಸಿರು ಹಸಿರೇ. ಗೆರೆ ಮಾತ್ರ ಸಿಗುವುದಿಲ್ಲ. ಬೀದರಿನಿಂದ ಹೊರಟು ಕಲಬುರ್ಗಿ, ವಿಜಾಪುರ, ಧಾರವಾಡ, ಹಾವೇರಿ, ದಾವಣಗೆರೆ, ತುಮಕೂರು ಹಾದು ಚಾಮರಾಜನಗರದವರೆಗೆ ಊರೂರು ನಡೆದರೆ ಪ್ರತಿ ಊರಿನವರಿಗೂ ಪಕ್ಕದ ಊರಿನ ಮಾತು ಪೂರ್ತಿ ತಿಳಿಯುತ್ತದೆ. ಬೀದರಿನ ಒಕ್ಕಲಿಗನನ್ನೂ ಚಾಮರಾಜನಗರದ ಒಕ್ಕಲಿಗನನ್ನೂ ಎದುರುಬದುರು ಕೂಡಿಸಿದರೆ ಮಾತ್ರ ಇಬ್ಬರೂ ಪುಸ್ತಕದ ಕನ್ನಡಕ್ಕೆ ಮೊರೆಹೋಗಬೇಕಾಗುತ್ತದೆ.

ಗೆರೆ ಎಳೆಯುವುದು ನಿಸರ್ಗವಲ್ಲ, ಮನುಷ್ಯ. ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ ಆಡುವವರು ತಮ್ಮ ತಮ್ಮ ಮಾತನ್ನೇ ಆಡುತ್ತ ಪರಸ್ಪರ ಸಂಭಾಷಿಸಬಲ್ಲರು. ದೇಶ ಮೂರಾದ್ದರಿಂದ ಭಾಷೆ ಮೂರು. ಕೊಂಕಣಿ ಮರಾಠಿಯ ಉಪಭಾಷೆ ಎಂದು ಬಹುಕಾಲ ವಾದ ನಡೆಯಿತು. 1975ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು ಮನ್ನಿಸಿತು. 1992ರಲ್ಲಿ ಅದು ಸಂವಿಧಾನದ 8ನೇ ಅನುಸೂಚಿಗೆ ಸೇರಿತು. ನಮ್ಮಲ್ಲಿಯೇ ಕೊಡಗು-ಸುಳ್ಯದ ಕಡೆಯ ಅರೆಭಾಷೆಯನ್ನು ಭಾಷಾವಿಜ್ಞಾನಿಗಳು ಕನ್ನಡದ ಒಂದು ರೂಪವೆಂದು ಎಣಿಸುತ್ತಾರೆ. ಆದರೂ 2011ರಲ್ಲಿ ಕರ್ನಾಟಕ ಸರಕಾರ ಅದಕ್ಕೆ ತನ್ನದೇ ಅಕಾಡೆಮಿಯನ್ನು ಕೊಟ್ಟಿತು.

ನೀಲಗಿರಿಯ ಬಡಗರ ಮಾತನ್ನೇ ನೋಡಿ. ಬಡಗ ಎಂದರೆ ಉತ್ತರ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ತಾವೆಂದು ಅವರ ಪರಂಪರೆ ಹೇಳುತ್ತದೆ. ಅವರ ಊರಿಗೆ ಹಟ್ಟಿ ಎನ್ನುತ್ತಾರೆ. ದೊಡ್ಡ ಹಬ್ಬ ಹೆತ್ತೈ ಹಬ್ಬ. ‘ಪ’ಕಾರ ‘ಹ’ ಆಗಿದೆಯೇ ಎಂಬ ನಮ್ಮ ಪರೀಕ್ಷೆಗೆ ಹಿಡಿದರೆ ಬಡಗ ಕನ್ನಡದ ಕಡೆಗೇ ನಿಲ್ಲುತ್ತದೆ. ಆದರೆ ಅದರ ಸ್ವರಗಳ ಸೊಗಸು ಬೇರೆ. ನಾಲಗೆಯನ್ನು ಮಡಿಸಿ ನುಡಿಯುವ ವಿಶೇಷ ಸ್ವರಗಳು ಅದರಲ್ಲಿವೆ ಎಂದು ಎಮೆನೋ 1939ರಲ್ಲಿಯೇ ಬರೆದರು. 2011ರ ಜನಗಣತಿಯಲ್ಲಿ ಬಡಗ ತಮ್ಮ ಮಾತೃಭಾಷೆಯೆಂದು ಬರೆಸಿದವರು 1,33,550 ಜನ. ಗಣತಿಯ ಪಟ್ಟಿ ಅವರನ್ನು ಕನ್ನಡದ ಮೊತ್ತದೊಳಗೆ ಕೂಡಿಸಿದೆ. ತಮ್ಮದು ಬೇರೆಯೇ ಭಾಷೆ ಎಂಬುದು ಬಡಗರಲ್ಲಿ ಅನೇಕರ ವಾದ. ಬಡಗರ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು. ಹೀಗಾಗಿ ಗಣತಿಯಲ್ಲಿ ಕನ್ನಡ, ಪಾಟಿಯಲ್ಲಿ ತಮಿಳು, ಮನೆಯಲ್ಲಿ ಬಡಗ!

ತಾಂಡಾದ ಹುಡುಗಿ

ಈಗ ಆರು ವರ್ಷದ ಆ ಹುಡುಗಿಯ ಕಡೆಗೆ ಬರೋಣ. ಕಲಘಟಗಿ ತಾಲೂಕಿನ ಯಾವುದೇ ತಾಂಡಾದಿಂದ ಆಕೆ ಬಂದಿರಬಹುದು. ಮನೆಯಲ್ಲಿ ಆಕೆ ತಾಯಿಗೆ ಯಾಡಿ, ರೊಟ್ಟಿಗೆ ಬಾಟಿ, ನೀರಿಗೆ ಪಾಣಿ, ಕೈಗೆ ಹಾತ್ ಎನ್ನುತ್ತಾಳೆ. ಗೋರ್ ಬೋಲಿ ಎಂದು ಕರೆಯುವ ಈ ಲಂಬಾಣಿ ಮಾತು ರಾಜಸ್ಥಾನಿ ಭಾಷೆಗಳ ಬಳಗದ್ದು. ಸರಕು ಹೇರಿದ ಎತ್ತುಗಳ ಜೊತೆಗೆ ಶತಮಾನಗಳ ಹಿಂದೆ ದಕ್ಷಿಣಕ್ಕೆ ಇಳಿದು ಬಂದದ್ದು.

ಶಾಲೆಯಲ್ಲಿ ಮಾಸ್ತರರು, ‘ಹೋಗವಾ, ನೀರ ಕುಡದು ಬಾ’ ಎನ್ನುತ್ತಾರೆ. ಹುಡುಗಿ ಕದಲುವುದಿಲ್ಲ. ‘ಕೈ ಎತ್ತು’ ಎಂದರೆ ಎತ್ತುವುದಿಲ್ಲ. ‘ಎಷ್ಟು ಹಣ್ಣು ಅದಾವ?’ ಎಂದರೆ ಸುಮ್ಮನಿರುತ್ತಾಳೆ. ಏಕ್, ದಿ, ತೀನ್, ಚಾರ್ ಎಂದು ಆಕೆಗೆ ಎಣಿಸಲು ಬರುತ್ತದೆ. ಒಂದು, ಎರಡು ಬರುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಒಂದು ತೀರ್ಮಾನ ಆಗಿಹೋಗುತ್ತದೆ: ‘ಹುಡುಗಿ ಸ್ವಲ್ಪ ದಡ್ಡ.’ ಹಿಂದಿನ ಸಾಲಿಗೆ ಹೋದ ಹುಡುಗಿ ಅಲ್ಲಿಯೇ ಉಳಿಯುತ್ತಾಳೆ. ಸುಗ್ಗಿಯ ಹೊತ್ತಿಗೆ ತಾಯಿತಂದೆ ದುಡಿಯಲು ಗುಳೆ ಹೊರಟರೆ ಆಕೆಯೂ ಅವರ ಹಿಂದೆ ಹೊರಡುತ್ತಾಳೆ. ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ.

ಈ ತೀರ್ಮಾನದಲ್ಲಿ ದುಷ್ಟತನವಿಲ್ಲ. ಒಂದು ತಪ್ಪು ಲೆಕ್ಕವಿದೆ. ತಾಂಡಾದ ಹಿರಿಯರು ಎಲ್ಲರೂ ಚೊಕ್ಕ ಕನ್ನಡ ಆಡುವುದನ್ನು ಊರು ದಿನವೂ ಕೇಳುತ್ತದೆ. ಹಾಗಾಗಿ ಲಂಬಾಣಿಗರಿಗೆ ಕನ್ನಡ ‘ಬಂದೇ ಬರುತ್ತದೆ’ ಎಂದು ಎಣಿಸಿಬಿಡುತ್ತದೆ. ಆದರೆ ಆ ಹಿರಿಯರಿಗೆ ಕನ್ನಡ ಹೋಲಿಕೆಯಿಂದ ಬಂದದ್ದಲ್ಲ. ಸಂತೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ವರ್ಷಗಟ್ಟಲೆ ದುಡಿದು ಗಳಿಸಿದ್ದು. ಭಾಷಾವಿಜ್ಞಾನಿಗಳು ತಿಳಿವಿನಲ್ಲಿ ಎರಡು ಬಗೆ ಮಾಡುತ್ತಾರೆ. ಭಾಷೆಗಳ ರಚನೆ ಹತ್ತಿರವಿದ್ದುದರಿಂದ ತಾನಾಗಿಯೇ ಬರುವ ತಿಳಿವು ಒಂದು. ಒಡನಾಟದಿಂದ ಗಳಿಸಿದ ತಿಳಿವು ಇನ್ನೊಂದು. ಗಳಿಸಿದ ತಿಳಿವು ಹೊಲದಂತೆ ಮಕ್ಕಳ ಹೆಸರಿಗೆ ವರ್ಗವಾಗುವುದಿಲ್ಲ. ಪ್ರತಿ ಮಗುವೂ ಅದನ್ನು ಮೊದಲಿನಿಂದ ಗಳಿಸಬೇಕು.

ಇದಕ್ಕೆ ಗಣತಿಯ ತಮಾಷೆಯನ್ನೂ ಸೇರಿಸಬೇಕು. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ಮಾತೃಭಾಷೆ ಎಂದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು; ಬಂಜಾರಿ ಎಂದು ಬರೆಸಿದವರು 15 ಲಕ್ಷಕ್ಕೂ ಹೆಚ್ಚು. ಪಟ್ಟಿಯಲ್ಲಿ ಇವರೆಲ್ಲ ಸೇರಿರುವುದು ಹಿಂದಿಯ ಮೊತ್ತಕ್ಕೆ. ಬಳಗದ ಲೆಕ್ಕದಲ್ಲಿ ಇದಕ್ಕೆ ಕಾರಣ ಹೇಳಬಹುದು. ಆದರೆ ತಾಂಡಾದ ಮುದುಕಿಯ ಮುಂದೆ ದಿಲ್ಲಿಯ ಹಿಂದಿ ವಾರ್ತೆ ಹಚ್ಚಿದರೆ ಆಕೆಗೆ ಅಲ್ಲೊಂದು ಇಲ್ಲೊಂದು ಪದ ಹತ್ತೀತೇ ಹೊರತು ಸುದ್ದಿ ತಿಳಿಯಲಾರದು. ಲಖನೌದವರಿಗೆ ಆಕೆಯ ಮಾತು ತಿಳಿಯುವುದಂತೂ ದೂರ.

ಹಾಗೆಂದು ಆ ಹೋಲಿಕೆ ನಿರುಪಯೋಗಿಯಲ್ಲ. ಹುಡುಗಿ ಹೇಗೋ ಜಗ್ಗಿ 6ನೇ ಇಯತ್ತೆಗೆ ಬಂದರೆ ಅಲ್ಲಿ ಹಿಂದಿ ಪಾಠ ಸುರುವಾಗುತ್ತದೆ. ಪಾನಿ, ಹಾಥ್, ಕಾನ್, ದೂಧ್, ತೀನ್, ಚಾರ್! ಕನ್ನಡದ ಮನೆಯ ಮಕ್ಕಳು ಬಾಯಿಪಾಠ ಮಾಡಬೇಕಾದ ಎಷ್ಟೋ ಪದಗಳು ಆಕೆಯ ಅಡಿಗೆಮನೆಯಿಂದಲೇ ಬಂದಿರುತ್ತವೆ. ಒಂದನೇ ಇಯತ್ತೆಯಲ್ಲಿ ‘ದಡ್ಡ’ ಎನಿಸಿಕೊಂಡ ಬಾಲಕಿ ಹಿಂದಿಯ ತಾಸಿನಲ್ಲಿ ಮೊದಲು ಕೈ ಎತ್ತಬಲ್ಲಳು. ಬುದ್ಧಿ ಅದೇ, ಹುಡುಗಿ ಅವಳೇ. ಬದಲಾದದ್ದು ಕಿವಿಗೂ ಮಾತಿಗೂ ನಡುವಿನ ದೂರ. ಆದರೆ ಅಲ್ಲಿಯವರೆಗೆ ಆಕೆ ಶಾಲೆಯಲ್ಲಿ ಉಳಿದಿರಬೇಕಲ್ಲ?

ಕೇಳುವ ಪರೀಕ್ಷೆ

ಮಾತು ಎಷ್ಟು ತಿಳಿಯುತ್ತದೆ ಎಂಬುದನ್ನು ಊಹೆಗೆ ಬಿಡದೆ ಅಳೆಯುವ ಪದ್ಧತಿಯೊಂದಿದೆ. 1951ರಲ್ಲಿ ಅಮೆರಿಕದ ವೋಗೆಲಿನ್ ಮತ್ತು ಹ್ಯಾರಿಸ್ ಇದರ ದಾರಿ ಹಾಕಿದರು. 1974ರಲ್ಲಿ ಯೂಜೀನ್ ಕಸಾಡ್ ಇದನ್ನು ಕೈಪಿಡಿಯಾಗಿ ಬರೆದರು. ವಿಧಾನ ಬಲು ಸರಳ. ಒಂದು ಊರಿನವನು ತನ್ನ ಮಾತಿನಲ್ಲಿ ಎರಡು-ಮೂರು ನಿಮಿಷದ ಒಂದು ಕಥೆ ಹೇಳುತ್ತಾನೆ. ತನ್ನ ಜೀವನದಲ್ಲಿ ನಡೆದ ಘಟನೆಯಾದರೆ ಒಳ್ಳೆಯದು. ಅದನ್ನು ಧ್ವನಿಮುದ್ರಿಸಿ ಇನ್ನೊಂದು ಊರಿನವರಿಗೆ ಕೇಳಿಸುತ್ತಾರೆ. ನಡುನಡುವೆ ಅವರ ಭಾಷೆಯಲ್ಲಿಯೇ ಹತ್ತು ಪ್ರಶ್ನೆ ಕೇಳುತ್ತಾರೆ: ಯಾರು ಬಂದರು, ಎಲ್ಲಿ ಬಿದ್ದರು, ಆಮೇಲೆ ಏನಾಯಿತು? ಪ್ರಶ್ನೆಗಳು ಸರಿಯಾಗಿವೆಯೇ ಎಂದು ತಿಳಿಯಲು ಮೊದಲು ಕಥೆ ಹೇಳಿದವನ ಊರಿನವರ ಮೇಲೆಯೇ ಪರೀಕ್ಷೆ ನಡೆಯಬೇಕು. ಪ್ರಯೋಗಶಾಲೆಯಲ್ಲಿ ತಕ್ಕಡಿಯನ್ನು ಮೊದಲು ಶೂನ್ಯಕ್ಕೆ ತಂದುಕೊಂಡಂತೆ.

ಇಂಥ ಪರೀಕ್ಷೆಗಳಿಂದ ಗೊತ್ತಾದ ಒಂದು ಮುಖ್ಯ ಸಂಗತಿ: ತಿಳಿಯುವುದು ಎರಡೂ ಕಡೆ ಸಮವಾಗಿರುವುದಿಲ್ಲ. ಸ್ವೀಡಿಷರಿಗೆ ಡೇನಿಷ್ ಎಷ್ಟು ತಿಳಿಯುತ್ತದೆಯೋ ಅದಕ್ಕಿಂತ ಡೇನಿಷರಿಗೆ ಸ್ವೀಡಿಷ್ ಹೆಚ್ಚು ತಿಳಿಯುತ್ತದೆ. ಪೋರ್ಚುಗೀಸರಿಗೆ ಸ್ಪಾನಿಷ್ ತಿಳಿದಷ್ಟು ಸ್ಪೇನಿನವರಿಗೆ ಪೋರ್ಚುಗೀಸ್ ತಿಳಿಯುವುದಿಲ್ಲ. ಉಚ್ಚಾರದ ಗುಣ ಇದಕ್ಕೊಂದು ಕಾರಣ. ಯಾರು ಯಾರ ಮಾತನ್ನು ಹೆಚ್ಚು ಕೇಳುತ್ತಾರೆ ಎಂಬುದು ಇನ್ನೊಂದು. ಮಿಶ್ರಿಕೋಟಿಯ ಸೀಮೆಯಲ್ಲಂತೂ ಈ ಅಸಮತೆ ಕಣ್ಣಿಗೆ ಹೊಡೆಯುವಂತಿದೆ. ಲಂಬಾಣಿಗರಿಗೆ ಕನ್ನಡ ಬರುತ್ತದೆ, ಗೌಳಿಗರಿಗೆ ಕನ್ನಡ ಬರುತ್ತದೆ, ಉರ್ದು ಮನೆಯವರಿಗೆ ಕನ್ನಡ ಬರುತ್ತದೆ. ಕನ್ನಡದ ಮನೆಗಳಲ್ಲಿ ಲಂಬಾಣಿ ಬಲ್ಲವರನ್ನು ಹುಡುಕಬೇಕು. ಅಂಗಡಿಯ ಮುಂದೆ ವ್ಯವಹಾರ ಸಲೀಸಾಗಿ ನಡೆಯುವುದು ಅವರು ದಾಟಿ ಬಂದಿರುವುದರಿಂದ. ನಾವು ನಿಂತಲ್ಲೇ ನಿಂತಿದ್ದೇವೆ.

ಎಲ್ಲರೂ ಎಲ್ಲ ಭಾಷೆ ಕಲಿಯಬೇಕೆಂದು ಯಾರೂ ಕೇಳುವುದಿಲ್ಲ. ಕನ್ನಡ ನಾಡಿನ ಮಕ್ಕಳಿಗೆಲ್ಲ ಕನ್ನಡ ಚೆನ್ನಾಗಿ ಬರಲೇಬೇಕು. ತಾಂಡಾದ ತಾಯಿತಂದೆಯರ ಅಪೇಕ್ಷೆಯೂ ಅದೇ. ಪ್ರಶ್ನೆ ಇರುವುದು ಮೊದಲ ಆರು ತಿಂಗಳಿನದು. ನೀರು-ಪಾಣಿ, ಕೈ-ಹಾತ್, ರೊಟ್ಟಿ-ಬಾಟಿ ಎಂದು ನೂರು ಪದಗಳ ಒಂದು ಹಾಳೆ ಗೋಡೆಗೆ ಅಂಟಿಸಲು ಒಂದು ಮಧ್ಯಾಹ್ನ ಸಾಕು. ತಾಂಡಾದ 5ನೇ ಇಯತ್ತೆಯ ಹುಡುಗನೊಬ್ಬನನ್ನು ದಿನಕ್ಕೆ ಅರ್ಧ ತಾಸು ಚಿಕ್ಕವರ ಜೊತೆ ಕೂಡಿಸಿದರೆ ದುಭಾಷಿ ಸಿಕ್ಕಂತಾಯಿತು. ಹಲವು ಶಾಲೆಗಳಲ್ಲಿ ತಿಳಿವಳಿಕೆಯುಳ್ಳ ಮಾಸ್ತರರು, ಅಕ್ಕೋರು ಯಾರ ಆದೇಶಕ್ಕೂ ಕಾಯದೆ ಹೀಗೆ ಮಾಡಿಕೊಂಡೇ ಬಂದಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೊದಲ ವರ್ಷಗಳಲ್ಲಿ ಮನೆಮಾತಿಗೆ ಜಾಗ ಕೊಡಬೇಕು ಎನ್ನುತ್ತದೆ. ಹಾಳೆಯ ಮೇಲಿನ ಆ ಮಾತು ತರಗತಿಯೊಳಗೆ ಬರಬೇಕಾದರೆ ಹೀಗೆಯೇ ಬರಬೇಕು.

ಒಂದು ಪ್ರಯೋಗವನ್ನು ಯಾವ ಶಾಲೆಯೂ ಮಾಡಿ ನೋಡಬಹುದು. ತಾಂಡಾದ ಅಜ್ಜಿಯೊಬ್ಬಳು ಎರಡು ನಿಮಿಷ ತನ್ನ ಮಾತಿನಲ್ಲಿ ಕಥೆ ಹೇಳಲಿ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇದೆ, ಧ್ವನಿಮುದ್ರಣಕ್ಕೆ ಖರ್ಚಿಲ್ಲ. ಅದನ್ನು ಶಾಲೆಯ ಗುರುಗಳೆಲ್ಲ ಕೂತು ಒಮ್ಮೆ ಕೇಳಲಿ, ಆಮೇಲೆ ಹತ್ತು ಪ್ರಶ್ನೆಗಳಿಗೆ ಕನ್ನಡದಲ್ಲಿಯೇ ಉತ್ತರ ಬರೆಯಲಿ. ಉತ್ತರಪತ್ರಿಕೆ ತಿದ್ದುವ ಕೆಲಸ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತ ಆ ಹುಡುಗಿಯದಾಗಲಿ. ಆಕೆಗೆ ಕನ್ನಡ ಅಕ್ಷರ ಇನ್ನೂ ಬಾರದಿದ್ದರೆ ಅಡ್ಡಿಯಿಲ್ಲ, ಓದಿ ಹೇಳಿದರೆ ಸಾಕು. ಯಾವುದು ಸರಿ, ಯಾವುದು ತಪ್ಪು ಎಂಬುದು ಆಕೆಗೆ ಚೆನ್ನಾಗಿ ಗೊತ್ತಿರುತ್ತದೆ.